ತಣ್ಣೀರ ಪೈಪಿಗೆ ಹಬ್ಬದ ಜಳಕ

ಬೇಡ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಮದುವೆ ಊಟದಲ್ಲಿ ಬಡಿಸುವವನು ಹುಗ್ಗಿಯ ಬಕೆಟ್ ಹಿಡಿದು ಎದುರಿಗೆ ನಿಂತರೆ ಸಾಕು, ಹೊಟ್ಟೆ ಬಿರಿಯುತ್ತಿದ್ದರೂ ಎಲೆಯನ್ನು ಮುಂದೆ ಸರಿಸುತ್ತೇನೆ. ಹೆಂಡತಿ ಇದನ್ನು ಹೇಡಿತನ ಎನ್ನುತ್ತಾಳೆ. ನಾನು ಸೌಜನ್ಯ ಎಂದುಕೊಂಡಿದ್ದೇನೆ. ಸಾವಳಗಿಯ ಹತ್ತಿರದ ಖಾಸಗಿ ಹಾಲು ಶೀತಲೀಕರಣ ಕೇಂದ್ರಕ್ಕೆ ಇಂಥ ಸೌಜನ್ಯವಂತನನ್ನೇ ಮೇಲ್ವಿಚಾರಕನನ್ನಾಗಿ ಮಾಡಿದ್ದು ಮಾಲೀಕರ ಗ್ರಹಚಾರ.

ಅಲ್ಲಿ ನಮ್ಮ ಕೆಲಸ ಇಷ್ಟೆ. ಸುತ್ತಲಿನ ಹಳ್ಳಿಗಳ ಸಂಜೆಯ ಹಾಲನ್ನು ಬೆಳಗಿನ ಟ್ಯಾಂಕರ್ ಬರುವವರೆಗೆ ತಣ್ಣಗಿಡಬೇಕು. ಯಂತ್ರವೊಂದು ನೀರನ್ನು ಕೊರೆಯುವಷ್ಟು ತಣ್ಣಗೆ ಮಾಡುತ್ತದೆ. ಆ ನೀರು ಪ್ಲಾಸ್ಟಿಕ್ ಪೈಪಿನಲ್ಲಿ ಹರಿದು, ಹಾಲಿನ ಬಿಸಿಯನ್ನು ಹೊತ್ತುಕೊಂಡು ಹಿಂದಿರುಗುತ್ತದೆ. ಆ ಪೈಪು ಹುಟ್ಟಿದಾಗಿನಿಂದ ಬಿಸಿನೀರು ಕಂಡಿರಲಿಲ್ಲ. ಕಾಣಬಾರದು ಎಂಬುದು ನಮಗೆ ಗೊತ್ತಿರಲಿಲ್ಲ.

ಖಂಡೆ ಪೂಜೆ, ಅಂದರೆ ಆಯುಧಪೂಜೆಯ ದಿನ ನಮ್ಮ ಕಡೆ ಕುರ್ಪಿಯಿಂದ ಹಿಡಿದು ಟ್ರ್ಯಾಕ್ಟರ್‌ವರೆಗೆ ಎಲ್ಲಕ್ಕೂ ಸ್ನಾನ, ವಿಭೂತಿ, ಚೆಂಡುಹೂವು. ಬೆಳಗಿನ ಟ್ಯಾಂಕರ್ ಹೋದ ಮೇಲೆ ಆಪರೇಟರ್ ಸಿದ್ದಪ್ಪ ತಕ್ಕಡಿ, ಕ್ಯಾನು, ಮೋಟರು ಎಲ್ಲ ತೊಳೆದು ನನ್ನ ಬಳಿ ಬಂದ.

“ಸರ, ಎಲ್ಲಾದಕ್ಕೂ ಜಳಕಾ ಆತ್ರಿ. ತಣ್ಣೀರ ಪೈಪ್ ಒಂದ ಉಳದೈತಿ.”

“ಅದರಾಗ ದಿನಾ ನೀರ ಹರಿತೈತೆಲ್ಲಪಾ.”

“ಅದು ತಣ್ಣೀರ್ರಿ. ಹಬ್ಬದ ದಿನಾರ ಬಿಸಿನೀರ ಬ್ಯಾಡೇನ್ರಿ?”

ವಾದದಲ್ಲಿ ಕರುಣೆಯಿತ್ತು. ಹೂಂ ಅಂದೆ. ಕ್ಯಾನು ತೊಳೆಯುವ ಬಾಯ್ಲರಿನಿಂದ ಕುದಿಯುವ ನೀರು ಪೈಪಿನೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಪೈಪು ಗೋಡೆಯ ಕ್ಲಾಂಪುಗಳ ನಡುವೆ ಒಣಹಾಕಿದ ಶ್ಯಾವಿಗೆಯಂತೆ ಜೋತುಬಿತ್ತು. ಅಂಟು ಹಚ್ಚಿದ ಜೋಡಣೆಗಳು ಒಂದೊಂದಾಗಿ ಬಾಯಿಬಿಟ್ಟವು. ಸಿದ್ದಪ್ಪ ಭಕ್ತಿಯಿಂದ ಹಚ್ಚಿದ ವಿಭೂತಿಗೆ ಮಾತ್ರ ಏನೂ ಆಗಲಿಲ್ಲ.

ಬನಹಟ್ಟಿಯ ಫಿಟ್ಟರ್‌ಗೆ ಫೋನ್ ಮಾಡಿದೆ. “ಪಾನಾ-ಪಕ್ಕಡ ಎಲ್ಲಾ ಪೂಜಾಕ ಇಟ್ಟೀನ್ರಿ ಸಾಹೇಬ್ರ. ಇವತ್ತ ಮುಟ್ಟಂಗಿಲ್ಲ, ನಾಳಿ ದಸರಾ ಬನ್ನಿ ಕೊಟ್ಟ ಮ್ಯಾಲ ಬರ್ತೇನ್ರಿ,” ಎಂದ. ಜಮಖಂಡಿಯವನ ಗರಗಸಕ್ಕೂ ಹೂವು ಏರಿತ್ತು. ಪೈಪಿನ ಅಂಗಡಿಯವನು ಬಾಗಿಲಿಗೆ ಕುಂಕುಮ ಹಚ್ಚಿ ಮನೆಗೆ ಹೋಗಿದ್ದ. ಇಡೀ ತಾಲ್ಲೂಕಿನಲ್ಲಿ ಕೆಲಸಕ್ಕೆ ಒದಗುವ ಒಂದು ಸ್ಪ್ಯಾನರ್ ಇರಲಿಲ್ಲ. ರಜೆಯ ಸುದ್ದಿ ಎಮ್ಮೆಗಳಿಗೆ ಮಾತ್ರ ಮುಟ್ಟಿರಲಿಲ್ಲವಾದ್ದರಿಂದ ಅವು ಸಂಜೆ ಎಂದಿನಂತೆ ಹಾಲು ಕೊಟ್ಟವು.

ಎಲ್ಲರಿಗಿಂತ ಮೊದಲು ಬಂದವಳು ಬೀರದೇವರ ಗುಡಿ ಓಣಿಯ ಮಾಯವ್ವ. ಆ ಓಣಿಯ ಹಾಲೆಲ್ಲ ಅವಳ ಕೈಯಿಂದಲೇ ಬರುವುದು. ಬೆಳಗಾಗುವುದರೊಳಗೆ ಅಷ್ಟೂ ಹಾಲು ಒಡೆದುಹೋಗುತ್ತದೆ ಎಂದು ನೆನೆದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಷ್ಟು ಮನೆಗಳ ದುಡಿಮೆ, ಜೊತೆಗೆ ನನ್ನ ನೌಕರಿ.

“ಇವತ್ತ ತಣ್ಣಗ ಮಾಡೂದು ಆಗಂಗಿಲ್ಲವ್ವಾ,” ಎಂದೆ.

ಅವಳು ಜೋತುಬಿದ್ದ ಪೈಪನ್ನೂ ನನ್ನನ್ನೂ ಒಂದೇ ರೀತಿ ನೋಡಿದಳು. “ತಣ್ಣಗ ಆಗದಿದ್ರ ಕುದಸ್ರಿ. ಪೈಪ್ ಕುದಸಾಕ ಬರತೈತಿ, ಹಾಲ ಕುದಸಾಕ ಬರಂಗಿಲ್ಲೇನ್ರಿ?”

ಗುಡಿಯಿಂದ ಪ್ರಸಾದದ ಕಡಾಯಿಗಳು ಬಂದವು. ಒಲೆಗೆ ಯಾವ ಹಬ್ಬದಲ್ಲೂ ರಜೆ ಇಲ್ಲ ಎಂಬ ಅನ್ಯಾಯ ಅಂದು ನಮ್ಮನ್ನು ಉಳಿಸಿತು. ಓಣಿಯ ಹೆಂಗಸರು ಸರದಿಯ ಮೇಲೆ ಕುಳಿತು ತಿರುವಿದರು. ನಾನು ಕಟ್ಟಿಗೆ ಹೊತ್ತೆ, ಬೈಸಿಕೊಂಡೆ. ಹಾಲು ಬತ್ತಿ ಗಟ್ಟಿ ಖವಾ ಆಯಿತು. ಒಂದು ಕಡಾಯಿ ಮಾತ್ರ ಬಾಸುಂದಿಯಾಗಿ ಅಲ್ಲೇ ಖಾಲಿಯಾಯಿತು. ಮರುದಿನ ದಸರೆಯ ಗಿರಾಕಿಗಳಿಗೆ ಪೇಡೆ ಸಾಲದೆ ಒದ್ದಾಡುತ್ತಿದ್ದ ಜಮಖಂಡಿಯ ಅಂಗಡಿಯವರು ಖವಾ ಅಷ್ಟನ್ನೂ ಒಯ್ದರು. ಹಾಲಿನವರಿಗೆ ನಷ್ಟವಾಗಲಿಲ್ಲ.

ಆ ದಸರೆಯ ಸಂಜೆ ಬನ್ನಿ ಎಲೆ ಕೊಡಲು ಇಡೀ ಓಣಿಯೇ ನನ್ನ ಮನೆಗೆ ಬಂತು. “ಬಂಗಾರದಂಗ ಇರೂಣ್ರಿ ಸಾಹೇಬ್ರ. ಮುಂದಿನ ವರ್ಷಾನೂ ಪೈಪಿಗೆ ಜಳಕಾ ಮಾಡಸ್ರಿ,” ಎಂದು ಕೈ ಹಿಡಿದು ಹೇಳಿದರು. ಅಷ್ಟು ವರ್ಷ ಅವರ ಹಾಲನ್ನು ಕೆಡದಂತೆ ಕಾಯ್ದಾಗ ನನ್ನ ಮನೆ ಎಲ್ಲಿದೆ ಎಂದು ಕೇಳಿದವರಿರಲಿಲ್ಲ. ಈಗ ಹೊಸ ಪೈಪು ಹಾಕಿಸಿದ್ದೇವೆ. ಒಂದು ಹನಿಯೂ ಸೋರುವುದಿಲ್ಲ, ನನ್ನನ್ನು ಯಾರೂ ಮಾತಾಡಿಸುವುದಿಲ್ಲ.