ಸುಸ್ತಾದ ಪೇಟೆಯೂ ಅಜ್ಜಿಯ ಮೊಳೆಯೂ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳನ್ನು ಕನ್ನಡ ಬರೆಯಲು ಕೂರಿಸಿದರೆ ಎಡವಟ್ಟು ಆಗುತ್ತಲೇ ಇರುತ್ತದೆ. ನನ್ನ ವಿಷಯದಲ್ಲಂತೂ ವಾರಕ್ಕೆ ಎರಡು ಸಲ ಆಗುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚೆ, ಎಂಥ ಮಳೆಯನ್ನೂ ಸಕಲೇಶಪುರ ಪೇಟೆ ತಡೆದುಕೊಳ್ಳುವಂತೆ ಮಾಡಲು ಹೊರದೇಶದ ಬ್ಯಾಂಕೊಂದು ಸಾಲ ಕೊಡುವುದಿತ್ತು. ಅದರ ಯೋಜನಾ ಕಚೇರಿಯಲ್ಲಿ ನಾನು ಅನುವಾದಕಿ. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವವಳಿಗೆ ಈ ಕೆಲಸ ಸಿಕ್ಕಿದ್ದೇ ಮೊದಲ ತಮಾಷೆ.

ಗುಡ್ಡದ ನೀರೆಲ್ಲ ಇಳಿದು ಬರುವ ಕೆಳಗಿನ ಬೀದಿಯಲ್ಲಿ ರೊಟ್ಟಿ ಸುಟ್ಟು ಮಾರುವ ಒಬ್ಬರು ಅಜ್ಜಿ ಇದ್ದರು, ಎಲ್ಲರ ಬಾಯಲ್ಲಿ ರೊಟ್ಟಿ ಅಜ್ಜಿ. ಪ್ರತಿ ಮಳೆಗಾಲ ಅವರ ಒಲೆ ಮುಳುಗುತ್ತಿತ್ತು. ಯೋಜನೆಯ ಮೊದಲ ಚರಂಡಿ ತಮ್ಮ ಬೀದಿಗೆ ಬರಲಿ ಎಂಬುದೊಂದೇ ಅವರ ಆಸೆ.

ಸುಸ್ತು

ಮೊದಲ ಸಭೆಯಲ್ಲಿ, ನಮ್ಮ ಪೇಟೆ ಸುಸ್ಥಿರ ಆಗಬೇಕು ಎಂದು ಓದಿದೆ. ನಿಘಂಟಿನಲ್ಲಿ ಹುಡುಕಿ ತೆಗೆದ ಪದ. ಆದರೆ ಮೈಕ್ ಇದ್ದರೂ ನನ್ನ ದನಿ ಮೂರನೇ ಸಾಲು ದಾಟುವುದಿಲ್ಲ. ಆನೇಮಹಲಿನ ಜೀಪ್ ಡ್ರೈವರೊಬ್ಬ ಹಿಂದಿನಿಂದ ಎದ್ದು, ಪೇಟೆಗೆ ಈಗಾಗಲೇ ಸುಸ್ತಾಗಿದೆ, ಸಾಲ ಮಾಡಿ ಇನ್ನೂ ಯಾಕೆ ಸುಸ್ತು ಮಾಡಿಸುತ್ತೀರಿ ಎಂದು ಕೇಳಿದ. ಎಲ್ಲರೂ ನಕ್ಕರು. ನಾನು ಬೆವೆತೆ. ರೊಟ್ಟಿ ಅಜ್ಜಿ ಗದರಿದರು: “ನಗಬ್ಯಾಡ್ರೋ. ಸುಸ್ತಾಗಿರೋದು ಈ ಮಗೀಗೆ. ಒಂದ್ ಲೋಟ ನೀರ್ ಕೊಡಿ.”

ಪಾಲು

ಯೋಜನೆಗೆ ಸಂಬಂಧಪಟ್ಟವರನ್ನೆಲ್ಲ ಸಭೆಗೆ ಕರೆಯಲು ಕಚೇರಿಯಲ್ಲಿ ಹೇಳಿದರು. ನಾನು ‘ಪಾಲುದಾರರು ತಪ್ಪದೆ ಬರಬೇಕು’ ಎಂದು ನೋಟೀಸ್ ಅಂಟಿಸಿದೆ. ವನಗೂರಿನಿಂದ ಅಣ್ಣತಮ್ಮಂದಿರಿಬ್ಬರು ಪಹಣಿ ಹಿಡಿದು ಬಂದೇಬಿಟ್ಟರು, ಏಲಕ್ಕಿ ತೋಟ ಪಾಲು ಮಾಡಿಕೊಡುತ್ತಾರೆಂದು. ನಮ್ಮ ಕಚೇರಿಯ ಇಂಜಿನಿಯರ್ ನಕ್ಷೆ ಬಿಡಿಸಿ ಒಂದು ಗೆರೆ ತೋರಿಸಿದರು. ಅದು ತನ್ನ ಕಡೆಗೇ ಸೇರಬೇಕೆಂದು ಅಣ್ಣ ಪಟ್ಟು ಹಿಡಿದ. ಅರ್ಧ ಗಂಟೆಯ ಜಗಳದ ನಂತರ, ಅದು ಚರಂಡಿ ಎಂದು ನಾನು ಮೆಲ್ಲಗೆ ಹೇಳಿದೆ.

“ಹಂಗಾರೆ ತಮ್ಮನ ಪಾಲಿಗಿರ್ಲಿ ಬುಡಿ,” ಎಂದ ಅಣ್ಣ.

ಸುಣ್ಣ

ನೀರು ಯಾವ ಬೀದಿಯಲ್ಲಿ ಎಷ್ಟು ಏರುತ್ತದೆಂಬುದಕ್ಕೆ ಸಾಕ್ಷಿ ನೋಡಿಯೇ ಮೊದಲ ಚರಂಡಿ ಎಲ್ಲಿಗೆಂದು ತೀರ್ಮಾನ ಎಂದು ಬ್ಯಾಂಕಿನ ಸಾಹೇಬರು ಬರೆದರು. ಕಡತದಲ್ಲಿ ಏನೂ ಇರಲಿಲ್ಲ. ಆದರೆ ಅಜ್ಜಿ ವರ್ಷ ವರ್ಷ ನೀರು ನಿಂತ ಮಟ್ಟಕ್ಕೆ ಹೊರಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಎಳೆದಿದ್ದರು. ಇದನ್ನು ಇಂಜಿನಿಯರಿಗೆ ಬಾಯಲ್ಲಿ ಹೇಳಲು ನಾಚಿ, ವರದಿಯ ಕೊನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದಿಟ್ಟೆ.

ಸಾಹೇಬರು ಬರುವ ದಿನ ಹೋಗಿ ನೋಡಿದರೆ ಬೀದಿ ಪೂರ್ತಿ ಬೆಳ್ಳಗೆ ಹೊಳೆಯುತ್ತಿತ್ತು. ಇಂಜಿನಿಯರ್ ಖುಷಿಯಲ್ಲಿದ್ದರು: “ಯಾರೋ ಗೋಡೆ ತುಂಬ ಮಸಿ ಬಳಿದಿದ್ರು ಕಣ್ರೀ. ಸುಣ್ಣ ಹೊಡೆಸ್‌ಬುಟ್ಟೆ.”

ಮೊಳೆ

ಸಾಹೇಬರು ಬಿಳಿ ಗೋಡೆ ನೋಡಿದರು, ಕಡತ ಮುಚ್ಚಿದರು. ಅಷ್ಟರಲ್ಲಿ ಅಜ್ಜಿ ನನ್ನ ಕೈ ಹಿಡಿದು, ಅವರನ್ನೂ ಕರೆದು, ಅಡುಗೆಮನೆಗೆ ನುಗ್ಗಿದರು. ದೇವರ ಪಟ ಹೆಂಚಿಗೆ ತಾಗುವಷ್ಟು ಎತ್ತರದಲ್ಲಿತ್ತು. ಅದರ ಕೆಳಗೆ ಒಂದರ ಕೆಳಗೊಂದು ಖಾಲಿ ಮೊಳೆ. ನೀರು ಪಟಕ್ಕೆ ತಾಗಿದಾಗೆಲ್ಲ ದೇವರನ್ನು ಒಂದು ಮೊಳೆ ಮೇಲಕ್ಕೆ ಏರಿಸುತ್ತಿದ್ದರಂತೆ.

ಇದಕ್ಕಿಂತ ಮೇಲೆ ನೀರು ಬಂದರೆ ಏನು ಮಾಡುತ್ತೀರೆಂದು ಸಾಹೇಬರು ನನ್ನ ಮೂಲಕ ಕೇಳಿಸಿದರು.

“ಇನ್ ಜಾಗ ಎಲ್ಲೈತಪ್ಪ? ಹೆಂಚು ತೆಗೆದು ದೇವ್ರನ್ನ ಸೂರಿನ ಮೇಲೆ ಕೂರುಸ್ಬೇಕು.”

ನಾನು ಅದನ್ನು ಬೀದಿಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೂ ಗೊತ್ತಿರಲಿಲ್ಲ. ಸಾಹೇಬರು ಟೇಪ್ ತರಿಸಿ ಪ್ರತಿ ಮೊಳೆಯನ್ನೂ ಅಳೆದು ಬರೆದುಕೊಂಡರು. ಮೊದಲ ಚರಂಡಿ ಅಲ್ಲಿಗೇ ಬಂತು.

ಮುಂದಿನ ಮಳೆಗಾಲ ಕಳೆದ ಮೇಲೆ ಹೋದೆ. ಒಲೆ ಒಣಗಿತ್ತು. ದೇವರು ಕೆಳಗಿನ ಮೊಳೆಗೆ ಇಳಿದು ಬಂದಿದ್ದರು. ಮೇಲಿನ ಮೊಳೆಗಳು ಮಾತ್ರ ಹಾಗೇ ಇದ್ದವು. ಇನ್ನು ಯಾಕಜ್ಜಿ ಇವು, ಕಿತ್ತುಬಿಡಲಾ ಎಂದೆ.

ಅಜ್ಜಿ ರೊಟ್ಟಿ ಮಗುಚಿ ಹಾಕುತ್ತಾ ಅಂದರು: “ಚರಂಡಿ ಕಟ್ಟಿಸಿರೋದು ಆ ಸುಣ್ಣದ ಇಂಜಿನಿಯರೇ ಅಲ್ವಾ ಮಗ? ಮೊಳೆ ಇರ್ಲಿ ಬುಡು.”