ಸಿಂಹ ನೋಡಲು ಹೊರಟ ಶೇಂಗಾ ಹೋಳಿಗೆ

ಪ್ರವಾಸಕ್ಕೆ ಹೊರಟವನು ತನ್ನ ಚೀಲವನ್ನು ತಾನೇ ತುಂಬಿಕೊಳ್ಳುತ್ತಾನೆ ಎಂಬುದು ಬೇರೆ ಊರುಗಳಲ್ಲಿ ನಿಜವಿರಬಹುದು. ನಮ್ಮ ಬೀದರದಲ್ಲಿ ಚೀಲವಷ್ಟೇ ಅವನದು, ಒಳಗೆ ಏನಿರಬೇಕೆಂದು ನಿರ್ಧರಿಸುವವರು ನೆಂಟರು. ಇದು ಗೊತ್ತಿದ್ದೂ ನಾನು ಜಂಬಪಟ್ಟೆ. ಯಾಕೆಂದರೆ ಊರ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಮಾಲು ಕಟ್ಟಿಸಿ, ತೂಗಿಸಿ, ಲಾರಿಗೆ ಹೇರಿಸಿ ಕಳಿಸುವುದೇ ನನ್ನ ನೌಕರಿ. ಎಂಥೆಂಥ ಡ್ರಮ್ಮುಗಳನ್ನೋ ಸಾಗಹಾಕಿದವನಿಗೆ ಒಂದು ಬಟ್ಟೆಯ ಬ್ಯಾಗು ಯಾವ ಲೆಕ್ಕ ಎಂದುಕೊಂಡಿದ್ದೆ.

ಪ್ರವಾಸದ ಆಸೆ ನನ್ನದಲ್ಲ, ಹೆಂಡತಿ ಸುನಂದಾಳದು. ಅವಳು ಭಾಲ್ಕಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ನೌಬಾದದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. "ಇಷ್ಟು ವರ್ಷ ಬೋರ್ಡಿನ ಮ್ಯಾಲ ಜಿರಾಫೆ ಬರೆದು ಬರೆದು ಕೈ ನೋಯ್ಲತ್ತದ್ರಿ. ಒಮ್ಮಿ ಖರೇ ಜಿರಾಫೆ ನೋಡಬೇಕು" ಅಂದಳು. ಹಾಗೆ ಕೆನ್ಯಾ ನಿಕ್ಕಿಯಾಯಿತು. ಪ್ರವಾಸದ ಕಂಪನಿಯವರು ಫೋನಿನಲ್ಲಿ ನಿಯಮಗಳನ್ನು ಹೇಳಿದರು. ಕಾಡಿಗೆ ಹೋಗುವ ವಿಮಾನ ಬಲು ಚಿಕ್ಕದಂತೆ, ಆದ್ದರಿಂದ ತಲೆಗೊಂದು ಮೆತ್ತನೆಯ ಬ್ಯಾಗು, ಹದಿನೈದು ಕಿಲೋ ಮೀರಬಾರದು. ಬಟ್ಟೆ ಮಣ್ಣಿನ ಬಣ್ಣದ್ದಿರಬೇಕು, ನೀಲಿ ಕಪ್ಪು ಕಂಡರೆ ಅಲ್ಲಿಯ ನೊಣ ಬಂದು ಕಚ್ಚುತ್ತದೆ. ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ ಆ ದೇಶದಲ್ಲಿ ಪ್ರವೇಶವೇ ಇಲ್ಲ. ಈ ಕೊನೆಯ ಮಾತಿಗೆ ನಾನು ಕಂಗಾಲಾದೆ. ನಮ್ಮ ಮನೆಯಲ್ಲಿ ಚಪ್ಪಲಿ ಒಂದು ಕ್ಯಾರಿಬ್ಯಾಗಿನಲ್ಲಿ, ಸಾಬೂನು ಇನ್ನೊಂದರಲ್ಲಿ, ಉಳಿದ ಕ್ಯಾರಿಬ್ಯಾಗುಗಳೆಲ್ಲ ಒಂದು ದೊಡ್ಡ ಕ್ಯಾರಿಬ್ಯಾಗಿನಲ್ಲಿ ಬಾಗಿಲ ಹಿಂದೆ ತೂಗಾಡುತ್ತವೆ. ಅದಿಲ್ಲದೆ ಸಾಮಾನು ಕಟ್ಟುವುದೆಂದರೆ ಅಂಗಿಯಿಲ್ಲದೆ ಬಜಾರಕ್ಕೆ ಹೋದಂತೆ.

ಬಣ್ಣದ ನಿಯಮವನ್ನು ಮೊದಲು ಮುರಿದವರು ನನ್ನ ಅತ್ತೆ. ದೂರದ ಊರಿಗೆ ಹೊರಟವರಿಗೆ ಹೊಸ ಬಟ್ಟೆಯ ಆಹೇರಿ ಮಾಡದೆ ಕಳಿಸುವುದು ನಮ್ಮಲ್ಲಿ ಇಲ್ಲ. ಹಲಬರ್ಗಾದಿಂದ ಬಂದ ಅವರು ಮಗಳಿಗೆ ಅಚ್ಚ ನೀಲಿ ಸೀರೆಯನ್ನೂ ನನಗೆ ಕೇಸರಿ ಬಣ್ಣದ ಅಂಗಿಯನ್ನೂ ಕೊಟ್ಟರು. ನಾನು ಮಣ್ಣಿನ ಬಣ್ಣದ ಸಂಗತಿ ವಿವರಿಸಿದೆ. "ಅಷ್ಟು ದೂರ ಹೋಗ್ಲತ್ತೀರಿ. ಸಿಂಹಕ್ಕಾದ್ರೂ ನೀವು ಕಾಣಬ್ಯಾಡೇನ್ರಿ ಮತ್ತ?" ಎಂದು ಕೇಳಿದರು. ಆ ಅಂಗಿ ತೊಟ್ಟು ಅವರಿಗೆ ನಮಸ್ಕಾರ ಮಾಡಿ, ಅವರು ಬಸ್ಸು ಹತ್ತಿದ ಮೇಲೆ ಕಳಚಿ ಕಪಾಟಿನಲ್ಲಿಟ್ಟೆ.

ಅತ್ತೆಯನ್ನು ಹೀಗೆ ದಾಟಿದೆನಾದರೂ ಔರಾದಿನ ಅಕ್ಕನನ್ನು ದಾಟುವುದು ನನ್ನಿಂದಾಗದ ಕೆಲಸ. ಅವ್ವ ತೀರಿಕೊಂಡಾಗ ನಾನು ಇನ್ನೂ ಸಣ್ಣವನು. ಅಕ್ಕ ತನ್ನ ಗಂಡನ ಮನೆಗೆ ನನ್ನನ್ನೂ ಕರೆದುಕೊಂಡು ಹೋಗಿ ಬೆಳೆಸಿದವಳು. ಅವಳ ಮುಖ ಸಪ್ಪಗಾದರೆ ಇಂದಿಗೂ ನನಗೆ ಅನ್ನ ಸೇರುವುದಿಲ್ಲ. ಪ್ರವಾಸದ ಸುದ್ದಿ ಕೇಳಿ ಫೋನಿನಲ್ಲಿ ನಕ್ಕಳು. "ನಮ್ಮ ತೊಗರಿ ಹೊಲದಾಗ ಹಿಂಡಗಟ್ಟಲೆ ಚಿಗರಿ ಬರ್ತಾವ. ಓಡಿಸ್ಲಾಕ ಬಾರೋ ತಮ್ಮಾ ಅಂದ್ರ ಬರಲಿಲ್ಲ. ಈಗ ರೊಕ್ಕ ಕೊಟ್ಟು ನೋಡ್ಲಾಕ ಹೊಂಟಿ!" ಮರುಕ್ಷಣವೇ, "ಅಲ್ಲಿ ಏನ್ ತಿಂತಿ? ಶೇಂಗಾ ಹೋಳಿಗಿ ಮಾಡಿ ತರ್ತೇನಿ" ಎಂದಳು. ಹೋಳಿಗೆಯ ತೂಕ ಎಷ್ಟೆಂದು ನನಗೆ ಗೊತ್ತು. ಬೇಡ ಅನ್ನಲು ಬಾಯಿ ಬರಲಿಲ್ಲ, ಬುದ್ಧಿ ಓಡಿಸಿದೆ. "ಅಕ್ಕಾ, ಪ್ಲಾಸ್ಟಿಕ್ಕಿನ ಚೀಲ ಅಲ್ಲಿ ನಡಿಯಂಗಿಲ್ಲ" ಎಂದೆ. ಕ್ಯಾರಿಬ್ಯಾಗಿಲ್ಲದೆ ಹೋಳಿಗೆ ಹೇಗೆ ಬಂದೀತು ಎಂಬುದು ನನ್ನ ಎಣಿಕೆ.

ಹೊರಡುವ ದಿನ ಗೋದಾಮಿನ ಕೊಕ್ಕೆಯ ಕಾಂಟಾ ತಂದು ಪಡಸಾಲೆಯಲ್ಲಿ ನೇತುಹಾಕಿ ಬ್ಯಾಗು ತೂಗಿದೆ. ಮುಳ್ಳು ಸರಿಯಾಗಿ ಹದಿನೈದಕ್ಕೆ ನಿಂತಿತು. ಸುನಂದಾಳನ್ನು ಕರೆದು ತೋರಿಸಿದೆ. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ದಪ್ಪ ಸ್ಟೀಲ್ ಡಬ್ಬಿ. "ನೀ ಹೇಳಿದ್ದು ಛಲೋ ಆತು ನೋಡು. ಪ್ಲಾಸ್ಟಿಕ್ ಬಿಟ್ಟು ಡಬ್ಬಿ ತಂದೀನಿ" ಎಂದಳು. ಹೋಳಿಗೆಗಿಂತ ಡಬ್ಬಿಯೇ ಭಾರವಾಗಿತ್ತು. "ಅಕ್ಕಾ, ತೂಕ..." ಎಂದು ಶುರುಮಾಡಿದೆ. ಅವಳು ಕಾಂಟಾ ನೋಡಿದಳು, ಬ್ಯಾಗು ನೋಡಿದಳು, ಡಬ್ಬಿಯನ್ನು ಸೆರಗಿನ ಮರೆಗೆ ಎಳೆದುಕೊಂಡಳು. "ಇರ್ಲಿ ಬಿಡೊ, ಬಂದ ಮ್ಯಾಲ ತಿನ್ನಿ" ಎಂದಳು. ಬ್ಯಾಗಿನ ಜಿಪ್ಪು ಎಳೆದು, ಈ ಪ್ರವಾಸಕ್ಕೆಂದೇ ಕೊಂಡಿದ್ದ ನನ್ನ ದೊಡ್ಡ ದುರ್ಬೀನು ಹೊರಗಿಟ್ಟು ಡಬ್ಬಿ ಒಳಗಿಟ್ಟೆ. "ದುರ್ಬೀನಿಲ್ಲದೆ ಏನ್ ನೋಡ್ತೀರಿ?" ಎಂದಳು ಸುನಂದಾ. "ನಿನ್ನ ದುರ್ಬೀನು ಅದ ಅಲ್ಲಾ" ಎಂದೆ.

ಜಿರಾಫೆ ಕಂಡ ಹೆಂಡತಿಯ ಕೈಯಿಂದ ದುರ್ಬೀನು ಕೇಳಿ ಪಡೆಯುವುದು ಸಾಧ್ಯವಿಲ್ಲ ಎಂಬುದು ಕೆನ್ಯಾದಲ್ಲಿ ತಿಳಿಯಿತು. ಅವಳು ಕಣ್ಣೀರು ಒರೆಸಿಕೊಳ್ಳಲು ಸಹ ಅದನ್ನು ಕೆಳಗಿಳಿಸಲಿಲ್ಲ. ದೂರದ ಹುಲ್ಲಿನಲ್ಲಿ ಸಿಂಹವಿದೆ ಎಂದು ಗೈಡ್ ಜೋಸೆಫ್ ತೋರಿಸಿದಾಗ ನನಗೆ ಕಂಡದ್ದು ಒಂದು ಕಂದು ಚುಕ್ಕೆ. ಬೇಜಾರಿಗೆ ಡಬ್ಬಿ ತೆರೆದೆ. ಜೀಪಿನಲ್ಲಿದ್ದ ಪುಣೆಯ ದಂಪತಿ ವಾಸನೆಗೆ ತಿರುಗಿದರು. ಒಂದು ಹೋಳಿಗೆ ಕೊಟ್ಟೆ. ಅವರು ದುರ್ಬೀನು ಕೊಟ್ಟರು. ಕೇಸರವೆಲ್ಲ ಹಾರಾಡುವ ಸಿಂಹದ ಮುಖ ಕಣ್ಣೆದುರಿಗೇ ಬಂದು ನಿಂತಿತು. ಆಮೇಲೆ ಆನೆಗೊಂದು, ಚಿರತೆಗೆ ಎರಡು ಎಂಬಂತೆ ವ್ಯವಹಾರ ನಡೆಯಿತು. ಕೊನೆಯದನ್ನು ಜೋಸೆಫ್ ತನ್ನ ತಾಯಿಗೆ ತೋರಿಸುತ್ತೇನೆಂದು ಡಬ್ಬಿಯ ಸಮೇತ ಮನೆಗೆ ಒಯ್ದ. ಮರುದಿನ ವಿಮಾನ ಹತ್ತುವಾಗ ಡಬ್ಬಿ ವಾಪಸು ಬಂತು, ಅದರ ತುಂಬ ಹುರಿದ ಶೇಂಗಾ. ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ತಾಯಿ ಹೇಳಿದಳಂತೆ. ಅಕ್ಕನೂ ಎಂದೂ ಬರಿ ಡಬ್ಬಿ ಕಳಿಸಿದವಳಲ್ಲ. ಅಷ್ಟು ದೂರ ಬಂದು ನನಗೆ ಅಕ್ಕನ ನೆನಪು ಬಲವಾಗಿ ಬಂತು.

ಡಬ್ಬಿ ಹಿಡಿದು ನೇರ ಔರಾದಿಗೆ ಹೋದೆ. ಸಿಂಹದ ಫೋಟೋ ತೆಗೆಯುವಷ್ಟರಲ್ಲಿ ಅಕ್ಕ ಶೇಂಗಾ ಬಾಯಿಗೆ ಹಾಕಿಕೊಂಡಿದ್ದಳು. ಅಗಿದಳು, ಯೋಚಿಸಿದಳು. "ಎಣ್ಣಿನೇ ಇಲ್ಲೋ ಇದ್ರಾಗ. ಪಾಪ, ಆಕಿ ಎಷ್ಟು ಪ್ರೀತಿಲಿಂದ ಕಳಿಸ್ಯಾಳ! ಮುಂದ ಹೋಗಾಗ ನಮ್ಮ ಹೊಲದ ಶೇಂಗಾ ಒಂದು ಚೀಲ ಒಯ್ದು ಕೊಡು" ಎಂದಳು. ಇಲ್ಲ ಅನ್ನಲು ಆಗಲೂ ಬಾಯಿ ಬರಲಿಲ್ಲ. ಚೀಲ ಈಗ ನಮ್ಮ ಪಡಸಾಲೆಯಲ್ಲಿ ಕೂತಿದೆ. ಬಂದವರು ಕೇಳಿದರೆ ಕೆನ್ಯಾಕ್ಕೆ ಹೋಗುವ ಮಾಲು ಎನ್ನುತ್ತೇನೆ, ಯಾರೂ ನಂಬುವುದಿಲ್ಲ. ಸುನಂದಾ ಮಾತ್ರ ನಂಬಿದ್ದಾಳೆ. ಅದಕ್ಕೇ ದಿನಾ ಅದರಲ್ಲಿ ಒಂದಿಷ್ಟು ತೆಗೆದು ಹುರಿದು, ಹಿಂಡಿ ಎಂಬ ಚಟ್ನಿಪುಡಿ ಕುಟ್ಟಿ, ತೂಕ ಇಳಿಸುವ ಕೆಲಸ ಈಗಿನಿಂದಲೇ ಶುರು ಮಾಡಿದ್ದಾಳೆ. ರೊಟ್ಟಿ ಹಿಡಿದು ಪಕ್ಕದಲ್ಲಿ ಕೂತು ನಾನೂ ಕೈಲಾದ ಸಹಾಯ ಮಾಡುತ್ತಿದ್ದೇನೆ.