ಮಾಮಾನ ಫೈಲಿನೊಳಗೆ ನಮ್ಮವ್ವ

ವಾಡಿಯ ನಮ್ಮ ಮಾಮಾನ ಜೊತೆ ಜಗಳ ಆಡುವುದಕ್ಕೂ ಒಂದು ಕ್ರಮವಿದೆ ಎಂದರೆ ನಂಬುತ್ತೀರಾ? ಮೊದಲು ಎಷ್ಟು ದಿನದ ಸಿಟ್ಟು, ಆಮೇಲೆ ಯಾರ ಮೇಲೆ, ಕೊನೆಗೆ ಕಾರಣ. ಹಿಂದುಮುಂದಾದರೆ ಅವನು ಜಗಳಕ್ಕೇ ಬರುವುದಿಲ್ಲ! ಅವನು ಶಹಾಬಾದಿನ ಕಾಲೇಜೊಂದರಲ್ಲಿ ಕಂಪ್ಯೂಟರಿನ ಸಿ ಪ್ರೋಗ್ರಾಮಿಂಗ್ ಕಲಿಸುತ್ತಾನೆ. ಅದರಲ್ಲಿ ಫೈಲಿನಿಂದ ಮಾಹಿತಿ ಓದಲು ಎಫ್‌ಸ್ಕ್ಯಾನ್‌ಎಫ್ ಅಂತ ಒಂದು ಆಜ್ಞೆ ಇದೆ. ಮೊದಲು ಸಂಖ್ಯೆ, ಆಮೇಲೆ ಹೆಸರು ಎಂದು ಹೇಳಿಟ್ಟರೆ ಅದೇ ಕ್ರಮದಲ್ಲಿ ಓದುತ್ತದೆ. ಮಾಮಾ ಮನುಷ್ಯರನ್ನೂ ಹಾಗೇ ಓದುತ್ತಾನೆ.

ರಾವೂರಿನಿಂದ ಬಿಸಿಲಲ್ಲಿ ಬಂದ ಬೀಗರನ್ನು ಬಾಗಿಲಲ್ಲೇ ನಿಲ್ಲಿಸಿ, "ಎಷ್ಟು ಮಂದಿ ಬಂದೀರಿ, ಯಾವ ಊರು, ಏನ್ ಕೆಲಸ? ಒಂದರ ಹಿಂದ ಒಂದು ಹೇಳ್ರಿ" ಅಂದಿದ್ದ.

"ಮೊದಲ ನೀರು ಕೊಡ್ರೀ! ಇಲ್ಲಾಂದ್ರ ಹೇಳಾಕ ಮಂದಿನೇ ಉಳಿಯಂಗಿಲ್ಲ!" ಎಂದು ಅತ್ತೆ ಒಳಗಿಂದ ಕೂಗಿದಳು.

ನಗುತ್ತೀರಿ, ನಗಿ. ಆದರೆ ಮೂರು ವರ್ಷದ ಹಿಂದೆ ಸೇಡಂನಲ್ಲಿರುವ ಅವನ ಅಕ್ಕ, ಅಂದರೆ ನಮ್ಮವ್ವ, ಹೊಟ್ಟೆನೋವಿಂದ ದವಾಖಾನೆ ಸೇರಿ ಅಳುತ್ತಾ ಫೋನ್ ಮಾಡಿದಳು. ಇವನು, "ಅಕ್ಕಾ, ಮೊದಲ ವಾರ್ಡ್ ನಂಬರ್ ಹೇಳು, ಬ್ಯಾನಿ ಆಮ್ಯಾಲೆ" ಅಂದುಬಿಟ್ಟ! ಅವ್ವ ಫೋನಿಟ್ಟಳು. ಅಂದಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ.

ಈಗ ಮಾಮಾನ ಮಗಳ ಮದುವೆ. ಸೋದರತ್ತೆ ಇಲ್ಲದ ಮದುವೆ ಉಂಟೇ? ಇದಕ್ಕೂ ಅವ್ವನನ್ನು ಕರೆಯದಿದ್ದರೆ ಎರಡು ಮನೆ ಶಾಶ್ವತವಾಗಿ ದೂರಾಗುವುದು ಖಂಡಿತ. ಮದುವೆ ಕೆಲಸಕ್ಕೆಂದು ವಾಡಿಗೆ ಬಂದಿದ್ದ ನನಗೆ ಅದೇ ಸಂಕಟ. ಮಾಮಾನಿಗೋ ಲಗ್ನಪತ್ರಿಕೆಯ ಮೇಲೆ ಅಂಟಿಸುವ ಹೆಸರಿನ ಚೀಟಿಗಳನ್ನು ತನ್ನದೇ ಪ್ರೋಗ್ರಾಮಿನಿಂದ ಛಾಪಿಸುವ ಸಡಗರ! ಫೈಲಿಗೆ ಹೆಸರು ತುಂಬುವ ಕೆಲಸ ನನ್ನದು.

"ಮೊದಲ ಎಷ್ಟು ಮಂದಿ ಅಂತ ಸಂಖ್ಯೆ, ಆಮ್ಯಾಲೆ ಹೆಸರು. ಹೆಸರು ಒಂದೇ ಶಬ್ದ ಇರಬೇಕು, ತಿಳೀತಾ?"

"ಪಟ್ಟಿಯಾಗ ಅವ್ವನ ಹೆಸರೇ ಇಲ್ಲಲ್ಲ, ಮಾಮಾ?"

"ಆಕೀನೇ ಮಾತಾಡವಲ್ಲಳು" ಎಂದು ಮುಖ ತಿರುಗಿಸಿದ.

ನಾನು ಸುಮ್ಮನಿರುವವಳೇ? ಕದ್ದು ಸೇರಿಸಿದೆ! ಗಡಿಬಿಡಿಯಲ್ಲಿ ನಮ್ಮ ಕಡೆ ರೇಷನ್ ಕಾರ್ಡಿನಲ್ಲಿ ಬರೆಯುವ ಹಾಗೆಯೇ ಬರೆದುಬಿಟ್ಟೆ: "2 ಶಾಂತಾಬಾಯಿ ಗಂಡ ಭೀಮರಾವ".

ಪ್ರಿಂಟರ್ ಶುರುವಾಯಿತು. ಚಿತ್ತಾಪುರದ ಕಾಕಾನ ಚೀಟಿ ಬಂತು, ಚಿಂಚೋಳಿ ಬೀಗರದು ಬಂತು, ಶಾಂತಾಬಾಯಿ ಬಂದಳು. ಮತ್ತೆ ಶಾಂತಾಬಾಯಿ. ಮತ್ತೂ ಶಾಂತಾಬಾಯಿ! ಮೇಜು ತುಂಬಿ ನೆಲಕ್ಕೆ ಬಿದ್ದರೂ ಶಾಂತಾಬಾಯಿಯೇ! ಮಾಮಾ ಓಡಿ ವೈರು ಕಿತ್ತ. ಫೈಲ್ ನೋಡಿದ.

"ಸಂಖ್ಯೆ ಬರೂ ಜಾಗದಾಗ ಗಂಡ ಅಂತ ಬಂದದ. ಅದಕ್ಕ ಮುಂದ ಹೋಗವಲ್ದು, ಓದಿದ ಹೆಸರನ್ನೇ ಮತ್ತ ಮತ್ತ ಛಾಪಿಸ್ಲಿಕತ್ತದ" ಎಂದ.

ಅತ್ತೆ ಚೀಟಿ ಆರಿಸುತ್ತಾ, "ಗಂಡ ಅಡ್ಡ ನಿಂತ್ರ ಯಾವ ಕೆಲಸ ಮುಂದ ಹೋಗ್ತದ್ರಿ?" ಎಂದಳು.

ಮಾಮಾ ನಗಲಿಲ್ಲ. ಎಫ್‌ಸ್ಕ್ಯಾನ್‌ಎಫ್ ತಾನು ಎಷ್ಟು ಓದಿದೆನೆಂದು ಪ್ರತಿ ಸಲವೂ ತಿಳಿಸುತ್ತದೆ, ಅದನ್ನು ಕೇಳದೆ ಮುಂದೆ ಹೋಗಬೇಡಿ ಎಂದು ಹುಡುಗರ ಮಾರ್ಕು ಕತ್ತರಿಸುವವನು ಅವನೇ! ಕೈಯಲ್ಲಿ ಅಕ್ಕನ ಚೀಟಿ ಹಿಡಿದು, "ಓದಾಕ ಆಗವಲ್ದು ಅಂತ ಅದು ಹೇಳ್ಲಿಕತ್ತಿತ್ತು. ನಾನೇ ಕೇಳಲಿಲ್ಲ" ಎಂದ. ಆಮೇಲೆ ತಟ್ಟನೆ ಎದ್ದ. "ಸೇಡಂ ಗಾಡಿ ಎಷ್ಟಕ್ಕದ?"

ದಾರಿಯುದ್ದಕ್ಕೂ ನನ್ನೆದುರು ಬಾಯಿಪಾಠ: ಮೊದಲು ನಮಸ್ಕಾರ, ಆಮೇಲೆ ತಪ್ಪಾಯ್ತು, ಕೊನೆಗೆ ಲಗ್ನಪತ್ರಿಕೆ. ನಮ್ಮ ಮನೆ ಬಾಗಿಲಲ್ಲಿ ಅವ್ವನನ್ನು ಕಂಡದ್ದೇ ತಡ, ಒಂದೂ ಬಾಯಿಗೆ ಬರಲಿಲ್ಲ. ಪತ್ರಿಕೆಯನ್ನೇ ತಲೆಕೆಳಗಾಗಿ ಮುಂದೆ ಚಾಚಿದ.

"ಒಳಗ ಬಾ, ಕುಂದ್ರು" ಎಂದಳು ಅವ್ವ.

ಕೂತಮೇಲೆ ಅವ್ವ ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಹೊರಬಂತು. ಆಪರೇಷನ್ ಆದ ಮೇಲಿನದು ಮೊದಲು, ಪಕ್ಕದ ಹಾಸಿಗೆಯವಳ ಕತೆ ನಡುವೆ, ಮೊದಲ ದಿನದ ನೋವು ಕೊನೆಗೆ. ತಲೆ ಇಲ್ಲ, ಬುಡ ಇಲ್ಲ. ಮಾಮಾ ತುಟಿ ಪಿಟಕ್ಕೆನ್ನದೆ ಕೇಳಿದ. ಅವ್ವನೇ ಆಶ್ಚರ್ಯಪಟ್ಟು ಮಾತು ನಿಲ್ಲಿಸಿದಳು.

"ಯಾಕೋ, ನಡುವ ಒಮ್ಮೆನೂ ತಡೀವಲ್ಲಿ?"

ಮಾಮಾ ಕಣ್ಣೊರೆಸಿಕೊಂಡ.

"ಹೇಳಕ್ಕಾ. ಹ್ಯಾಂಗ ಬರ್ತದ, ಹಾಂಗೇ ಹೇಳು."